ಹಸುವಿನ ಮುಖ ಕಾಣದ ಟೀವಿ

ಟೀವಿಯಲ್ಲಿ ಕಾಣುವುದಿಲ್ಲ ಅಂತ ಹಸುವನ್ನೇ ಬಿಚ್ಚಿ ಬೇರೆ ಕಡೆ ಕಟ್ಟಿದ ಮನೆ ನಮ್ಮದು. ಈ ಮಾತು ಹೇಳಿದರೆ ಗುತ್ತಲಿನ ನನ್ನ ತವರುಮನೆಯಲ್ಲಿ ಇವತ್ತಿಗೂ ಬಿದ್ದು ಬಿದ್ದು ನಗುತ್ತಾರೆ. ನಗಲಿ. ಅವರ ಹಿತ್ತಲಿನಾಚೆ ಕಬ್ಬಿನ ಗದ್ದೆಯಿಲ್ಲ. ನಾಯಿ ಬೊಗಳಿದರೆ ಮಗ್ಗುಲು ಬದಲಿಸಿ ಮಲಗುವ ಜನ ಅವರು.

ನಾನು ಮದುವೆಯಾಗಿ ಬಂದದ್ದು ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿ ಒಳಕ್ಕೆ ತಿರುಗಿದರೆ ಸಿಗುವ ಒಂದು ಹಳ್ಳಿಗೆ. ಆಗ ಮನೆಯಲ್ಲಿದ್ದದ್ದು ಮೂರೇ ಜನ. ನಾನು, ಬಸ್ಸಿನ ಕಂಡಕ್ಟರ್ ಆಗಿರುವ ನನ್ನ ಗಂಡ, ಅವರ ತಾಯಿ. ನಾಲ್ಕನೆಯದು ಹಸು. ಅತ್ತೆಯ ಲೆಕ್ಕದಲ್ಲಿ ಮಾತ್ರ ಅದೇ ಮೊದಲನೆಯದು. ಅತ್ತೆ ಬಸರಾಳಿನವರು. ಬಾಯಿ ಬಿಟ್ಟರೆ ಬಡಿಗೆ, ಆದರೆ ಹಸುವಿನ ಹತ್ತಿರ ಹೋದರೆ ದನಿಯೇ ಬೇರೆ. ಅದರ ಕುತ್ತಿಗೆಯ ಕೆಳಗೆ ಕೈಯಾಡಿಸುತ್ತಾ ಅವರು ಆಡುವ ಮಾತುಗಳನ್ನು ಕೇಳಿದರೆ, ಇದರಲ್ಲಿ ಕಾಲು ಭಾಗ ನನಗೆ ಸಿಕ್ಕಿದ್ದರೂ ಸಾಕಿತ್ತು ಅನ್ನಿಸುತ್ತಿತ್ತು. ಹೊಟ್ಟೆಕಿಚ್ಚೇ ಅನ್ನಿ, ನಾನು ಬೇರೆ ಹೆಸರು ಕೊಡುವುದಿಲ್ಲ.

ನಾನು ಮನೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು ಟೈಪಿಂಗ್ ಮಾಡುತ್ತೇನೆ. ಶಾಲೆಗಳ ಪ್ರಶ್ನೆಪತ್ರಿಕೆ, ಲಗ್ನಪತ್ರಿಕೆ, ಮಳವಳ್ಳಿಯ ವಕೀಲರು ಕಳಿಸುವ ಕಾಗದಗಳು. ಒಂದು ಸಿಡಿಲಿನ ದಿನ ನನ್ನ ಮಾನಿಟರ್ ಸುಟ್ಟುಹೋಯಿತು. ನನ್ನ ಗಂಡ ಹಿಂದೆ ಮುಂದೆ ನೋಡದೆ ನಡುಮನೆಯ ಟೀವಿಯನ್ನೇ ಗೋಡೆಯಿಂದ ಇಳಿಸಿ ನನ್ನ ಮೇಜಿನ ಮೇಲಿಟ್ಟು ಕಂಪ್ಯೂಟರಿಗೆ ತಂತಿ ಸಿಕ್ಕಿಸಿಬಿಟ್ಟರು. ಅತ್ತೆಯ ಧಾರಾವಾಹಿಗಳೆಲ್ಲ ಅವತ್ತಿಗೆ ಮುಗಿದವು. ಅವರು ಬಾಗಿಲಲ್ಲಿ ನಿಂತು, "ಬಳುವಳಿನ ತವರಿಂದ ತರ್ತಾರೆ ಕಣವ್ವ, ಅತ್ತೆ ಮನೇದೇ ಎತ್ಕತಾರಾ?" ಅಂದರು.

ಆ ಟೀವಿಯೋ, ಕಂಪ್ಯೂಟರಿನ ಚಿತ್ರವನ್ನು ಪೂರ್ತಿ ತೋರಿಸಲೊಲ್ಲದು. ನಾಲ್ಕೂ ಅಂಚುಗಳಲ್ಲಿ ಮೂರು ನಾಲ್ಕು ಬೆರಳಿನಷ್ಟು ಪರದೆಯಾಚೆ ಹೋಗಿಬಿಟ್ಟಿತ್ತು. ಕೆಳಗಿನ ಪಟ್ಟಿ ಇಲ್ಲ, ಗಡಿಯಾರ ಇಲ್ಲ, ಮೇಲೆ ಬಲತುದಿಯಲ್ಲಿ ಮುಚ್ಚುವ ಗುರುತೂ ಇಲ್ಲ. ಕತ್ತಲಲ್ಲಿ ಸ್ವಿಚ್ಚು ತಡಕುವ ಹಾಗೆ ಮೌಸನ್ನು ಮೂಲೆಗೆ ತಳ್ಳಿ ಅಂದಾಜಿನ ಮೇಲೆ ಒತ್ತುವುದನ್ನು ಕಲಿತೆ. ಸರಿ ಮಾಡಲು ನೋಡದೇ ಇರಲಿಲ್ಲ. ಸೆಟ್ಟಿಂಗ್ಸಿಗೆ ಹೋಗಿ ರೆಸಲ್ಯೂಷನ್ ಬದಲಿಸಿದೆ. ಅಕ್ಷರಗಳು ಕುಂಬಳಕಾಯಿಯಷ್ಟಾದವೇ ಹೊರತು ಅಂಚು ಒಳಗೆ ಬರಲಿಲ್ಲ. ಇನ್ನೊಂದು ಅಳತೆ ಆರಿಸಿದರೆ ಪರದೆ ಪೂರ್ತಿ ಕಪ್ಪಾಗಿ ನನ್ನ ಜೀವ ಬಾಯಿಗೆ ಬಂತು, ಒಂದಷ್ಟು ಹೊತ್ತಿನ ಮೇಲೆ ತಾನಾಗಿಯೇ ಹಳೆಯ ಸ್ಥಿತಿಗೆ ಮರಳಿತು. ತಂತಿ ಬದಲಿಸಿದೆ. ಬಂದ್ ಮಾಡಿ ಶುರು ಮಾಡಿದೆ. ನನ್ನ ಗಂಡ, "ಕೆಲ್ಸ ನಡೀತದಲ್ಲ, ಬುಡು" ಅಂದರು. ನಾನೂ ಬಿಟ್ಟೆ.

ಬಿಡಲಾಗದಂತೆ ಮಾಡಿದ್ದು ಚಿರತೆ.

ಆ ವರ್ಷ ಸುತ್ತಲಿನ ಊರುಗಳಲ್ಲೆಲ್ಲ ಅದರದೇ ಮಾತು. ಕಬ್ಬು ಆಳೆತ್ತರ ಬೆಳೆದು ನಿಂತರೆ ಒಳಗೆ ಏನಿದೆಯೋ ದೇವರಿಗೇ ಗೊತ್ತು. ಪಕ್ಕದ ಮನೆಯ ನಾಯಿ ಸರಪಳಿಯ ಸಮೇತ ಹೋಯಿತು. ಪಂಪ್‌ಸೆಟ್ಟಿನ ಹತ್ತಿರ ಹಸಿ ಮಣ್ಣಿನಲ್ಲಿ ಹೆಜ್ಜೆಗುರುತು ಕಂಡಿತು. ಅರಣ್ಯ ಇಲಾಖೆಯವರು ಬಂದು ಒಂದು ಗದ್ದೆಯಲ್ಲಿ ಬೋನು ಇಟ್ಟು ಒಳಗೊಂದು ನಾಯಿ ಕಟ್ಟಿದರು. ಊರಿನವರೆಲ್ಲ ಅದಕ್ಕೆ ಮುದ್ದೆ ಹಾಕಿ ಹಾಕಿ ಬೋನಿನೊಳಗಿನ ನಾಯಿ ದಪ್ಪಗಾಯಿತೇ ಹೊರತು ಚಿರತೆ ಬರಲಿಲ್ಲ.

ನನ್ನ ಗಂಡ ತಾರಸಿಯ ಹಿಂದಿನ ಮೂಲೆಗೆ ಒಂದು ಕ್ಯಾಮೆರಾ ಬಿಗಿದು ಹಿತ್ತಲಿನ ಕಡೆಗೆ ಮುಖ ಮಾಡಿಸಿದರು. ಮೊಬೈಲಿಗೆ ಬರುವಂಥದಲ್ಲ, ತಂತಿಯ ಕ್ಯಾಮೆರಾ. ಚಿತ್ರ ನನ್ನ ಕಂಪ್ಯೂಟರಿಗೆ ಬರುತ್ತಿತ್ತು, ಅಂದರೆ ಅತ್ತೆಯ ಹಳೆಯ ಟೀವಿಗೆ. ಅದನ್ನು ತೆರೆದರೆ ಪರದೆ ತುಂಬ ತೆರೆದುಕೊಳ್ಳುವುದು. ಚಿಕ್ಕದು ಮಾಡುವ ಗುರುತು ಇದ್ದದ್ದು ಕಾಣದ ಮೂಲೆಯಲ್ಲಿ. ಒಮ್ಮೆ ಅಂದಾಜಿನಲ್ಲಿ ಒತ್ತಲು ಹೋಗಿ ಎಲ್ಲವೂ ಮುಚ್ಚಿಹೋಗಿ, ಡ್ಯೂಟಿಯ ಮೇಲಿದ್ದ ಗಂಡನಿಗೆ ಫೋನ್ ಮಾಡಿ ಪಾಸ್‌ವರ್ಡ್ ಕೇಳಿ ಬೈಸಿಕೊಂಡಿದ್ದೆ. ಆಮೇಲೆ ಆ ಮೂಲೆಯ ಗೊಡವೆಗೆ ಹೋಗಲಿಲ್ಲ.

ಮೊದಲ ದಿನ ಅತ್ತೆಯನ್ನು ಕರೆದು ಕುರ್ಚಿ ಕೊಟ್ಟು ಕೂರಿಸಿದೆವು. ಹಿತ್ತಲ ಬಾಗಿಲು ಕಂಡಿತು. ಅಂಗಳದ ನಡುವಿನ ಹೊಂಗೆಮರ ಕಂಡಿತು. ಬಲಗಡೆ ಕೊಟ್ಟಿಗೆ ಅರ್ಧ ಕಂಡಿತು. ಕೊಟ್ಟಿಗೆಯ ಬಾಯಲ್ಲಿ ಕಟ್ಟಿದ್ದ ಹಸುವಿನ ಹಿಂಭಾಗ, ಬಾಲ, ಎರಡು ಕಾಲು ಕಂಡವು. ಮುಂಭಾಗ ಪರದೆಯಾಚೆ. ಅತ್ತೆ ಪರದೆಯ ಹತ್ತಿರಕ್ಕೆ ಬಗ್ಗಿ ನೋಡಿದರು.

"ನನ್ ಅಸೀನ ಮೂತಿ ಎಲ್ಲವ್ವ?"

"ಆ ಕಡೆ ಅದೆ ಅತ್ತೆ. ಟೀವಿಗೆ ಹಿಡಿಯಲ್ಲ."

"ಚಿರ್ತೆ ಬಂದು ಕುತ್ಗೆ ಇಡೀತದೋ ಬಾಲ ಇಡೀತದೋ?"

ಕ್ಯಾಮೆರಾವನ್ನು ಬಲಕ್ಕೆ ತಿರುಗಿಸಿದರೆ ಹಿತ್ತಲ ಬಾಗಿಲು ತಪ್ಪುತ್ತಿತ್ತು, ಬಾಗಿಲು ಕಾಣಲೇಬೇಕು ಅಂತ ನನ್ನ ಗಂಡನ ಹಟ. ಟೀವಿಯನ್ನು ಸರಿ ಮಾಡಿಸುತ್ತೇನೆ ಅಂತ ನಾನು ಅಂದೆ. ಮದ್ದೂರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವರೊಬ್ಬರು ಪರಿಚಯ, ನನ್ನದನ್ನು ಜೋಡಿಸಿ ಕೊಟ್ಟವರೂ ಅವರೇ. ನಾಳೆ ಕೇಳುತ್ತೇನೆ, ನಾಡಿದ್ದು ಕೇಳುತ್ತೇನೆ ಅನ್ನುವಷ್ಟರಲ್ಲಿ ಪರೀಕ್ಷೆಯ ಕಾಲ ಬಂತು. ಪ್ರಶ್ನೆಪತ್ರಿಕೆಗಳ ರಾಶಿಯಲ್ಲಿ ನನಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿರಲಿಲ್ಲ.

ಅತ್ತೆ ಕಾಯುವವರಲ್ಲ. ಒಂದು ಬೆಳಿಗ್ಗೆ ಹಿತ್ತಲಿನಲ್ಲಿ ಧಡ್ ಧಡ್ ಅಂತ ಸದ್ದು. ಪರದೆಯ ಮೇಲೆ ನೋಡಿದರೆ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊಂಗೆಮರದ ಪಕ್ಕ ಗೂಟ ಹೊಡೆಯುತ್ತಿದ್ದಾರೆ. ಹೊಡೆದು, ತಲೆಯೆತ್ತಿ ಕ್ಯಾಮೆರಾದ ಕಡೆ ನೋಡಿ, "ಕಾಣ್ತದಾ?" ಅಂತ ಕೂಗಿದರು. ಕಾಣುತ್ತದೆ ಅಂದೆ. ಹಸುವನ್ನು ತಂದು ಕಟ್ಟಿ, "ಮೂತಿ ಕಾಣ್ತದಾ?" ಅಂದರು. ಅದೂ ಕಂಡಿತು. ಹೀಗೆ ನನ್ನ ಟೀವಿಯ ಅಳತೆಗೆ ನಮ್ಮ ಹಸು ಬಂದು ನಿಂತಿತು.

ಆದರೆ ಅದಕ್ಕೊಂದು ಗಡುವಿತ್ತು. ಹಸು ತುಂಬು ಗಬ್ಬ. ಇವತ್ತೋ ನಾಳೆಯೋ ಕರು ಹಾಕುವಂತಿತ್ತು. ಬಯಲಲ್ಲಿ ಕರು ಹಾಕಿಸುವ ಹಾಗಿಲ್ಲ, ಆ ವಾಸನೆಗೆ ಚಿರತೆ ಎಲ್ಲಿದ್ದರೂ ಬರುತ್ತದೆ ಅಂತ ಊರಿನವರು ಹೆದರಿಸಿದ್ದರು. ಕೊಟ್ಟಿಗೆಗೆ ಕಟ್ಟಬೇಕು. ಕೊಟ್ಟಿಗೆಗೆ ಕಟ್ಟಿದರೆ ಟೀವಿಗೆ ಕಾಣುವುದಿಲ್ಲ. ಕೊಟ್ಟಿಗೆಯ ಹಿಂದೆ ಹುಲ್ಲಿನ ಮೆದೆ, ಮೆದೆಯ ಪಕ್ಕ ಮಳೆಗೆ ಕುಸಿದ ಕಾಂಪೌಂಡ್ ಗೋಡೆ, ಅದರಾಚೆ ಕಬ್ಬು. ಇಷ್ಟೂ ಇದ್ದದ್ದು ಟೀವಿ ನುಂಗಿದ ಆ ಮೂರು ನಾಲ್ಕು ಬೆರಳಿನ ಜಾಗದಲ್ಲಿ.

ಅದೇ ಹೊತ್ತಿಗೆ ಪಕ್ಕದ ಗದ್ದೆಯ ಕಟಾವು ಶುರುವಾಯಿತು. ರಸ್ತೆಯ ಕಡೆಯಿಂದ ಕಡಿಯುತ್ತಾ ಕಡಿಯುತ್ತಾ ನಮ್ಮ ಹಿತ್ತಲಿನ ಕಡೆಗೆ ಬರುತ್ತಿದ್ದರು. ಒಳಗೇನಾದರೂ ಇದ್ದರೆ ಅದೂ ಹಿಂದೆ ಸರಿಯುತ್ತಾ ನಮ್ಮ ಕಡೆಗೇ ಬರಬೇಕು. ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಹಸುವಿನ ನಡತೆಯೂ ಬದಲಾಯಿತು. ಸಂಜೆಯಾದರೆ ಮೇಯುವುದು ಬಿಟ್ಟು ತಲೆಯೆತ್ತಿ ಬಲಗಡೆಗೇ ನೋಡುತ್ತಾ ನಿಲ್ಲುತ್ತಿತ್ತು. ಕಿವಿ ಎರಡೂ ಮುಂದಕ್ಕೆ. ನಾನು ಟೈಪ್ ಮಾಡುತ್ತಾ ನಡುವೆ ಕ್ಯಾಮೆರಾ ತೆರೆದರೆ ಅದು ಪರದೆಯ ಅಂಚಿನಾಚೆಗೆ ದೃಷ್ಟಿ ನೆಟ್ಟು ನಿಂತಿರುತ್ತಿತ್ತು. ಅತ್ತೆಗೆ ಹೇಳಿದೆ. "ಅಳೇ ಜಾಗ ಕಣವ್ವ, ನೆನೆಸ್ಕತದೆ. ನಿಂಗೆ ಗುತ್ತಲು ನೆನಪಾಗಕಿಲ್ವಾ?" ಅಂದರು. ಸರಿಯಿರಬಹುದು ಅಂದುಕೊಂಡೆ.

ಆ ದಿನ ಮಧ್ಯಾಹ್ನ ಇಬ್ಬರಿಗೂ ಮಾತಿಗೆ ಮಾತು ಬೆಳೆಯಿತು. ಹಸುವಿನ ಕೆಚ್ಚಲು ಬಿಗಿದಿದೆ, ಇನ್ನು ತಡೆಯುವುದಿಲ್ಲ, ಇವತ್ತು ಸಂಜೆಯೇ ಕೊಟ್ಟಿಗೆಗೆ ಕಟ್ಟುತ್ತೇನೆ, ಅಷ್ಟರಲ್ಲಿ ಟೀವಿ ಸರಿಯಾಗಬೇಕು ಅಂತ ಅವರು. ಬೆಳಗಿನಿಂದ ಬೆನ್ನು ನೋವಿನಲ್ಲಿ ಕೂತಿದ್ದ ನನಗೆ ರೇಗಿತು.

"ಹಸು ಕಾಣಲ್ಲ ಅಂತ ಇಡೀ ಮನೆ ತಲೆ ಮೇಲೆ ಹೊತ್ಕೊಂಡು ಕುಣೀತೀರಿ. ದಿನಾ ಬೆಳಿಗ್ಗೆ ಆ ಎಡಗಡೆ ಬೇಲಿ ಪಕ್ಕ ಕೂತು ಬಟ್ಟೆ ಒಗೀತೀನಲ್ಲ, ನಾನೂ ಅದರಲ್ಲಿ ಕಾಣಲ್ಲ. ಅದನ್ನ ಯಾರಾದ್ರೂ ಕೇಳಿದ್ರಾ?"

ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನೀನೇನ್ ಗಬ್ಬ ಆಗಿದ್ದೀಯಾ?" ಅಂದು ಬಕೆಟ್ ಎತ್ತಿಕೊಂಡು ಹೊರಟುಹೋದರು.

ಬೇರೆ ದಿನವಾಗಿದ್ದರೆ ನಗುತ್ತಿದ್ದೆನೇನೋ. ಅವತ್ತು ಕಣ್ಣಲ್ಲಿ ನೀರು ಬಂತು. ಒಗೆಯುವ ಕಲ್ಲು ಇರುವುದು ಕ್ಯಾಮೆರಾದ ಕಣ್ಣಿಗೇ ಬೀಳದ ಕಡೆ. ಟೀವಿ ಸರಿಯಾದರೂ ನಾನು ಕಾಣುವುದಿಲ್ಲ ಅನ್ನುವುದು ನನಗೆ ಚೆನ್ನಾಗಿಯೇ ಗೊತ್ತಿತ್ತು, ಅದಕ್ಕೇ ಇನ್ನಷ್ಟು ಅಳು ಬಂತು. ಮುಖ ತೊಳೆದುಕೊಂಡು ಬಂದು ಮದ್ದೂರಿನ ರಿಪೇರಿಯವರಿಗೆ ಫೋನ್ ಮಾಡಿದೆ. ಅವರು ಯಾವುದೋ ಆಫೀಸಿನಲ್ಲಿ ಕೆಲಸದಲ್ಲಿದ್ದಾರಂತೆ, ಸಂಜೆ ತಾವೇ ಫೋನ್ ಮಾಡುವುದಾಗಿ ಹೇಳಿದರು.

ಅವರ ಫೋನ್ ಬರುವಾಗ ಹೊತ್ತು ಇಳಿದಿತ್ತು. ಕಟಾವಿನವರು ಅವತ್ತಿನ ಕೆಲಸ ಮುಗಿಸಿ ಟ್ರ್ಯಾಕ್ಟರ್ ಹತ್ತಿ ಹೋಗಿಯಾಗಿತ್ತು. ಗದ್ದೆಯ ಕಡೆ ಸದ್ದೇ ಇರಲಿಲ್ಲ. ಪರದೆಯ ಮೇಲೆ ಅತ್ತೆ ಹೊಂಗೆಮರದಡಿ ಕುಕ್ಕುರುಗಾಲಲ್ಲಿ ಕೂತು ಹಸುವಿನ ಮೈಯಿಂದ ಉಣ್ಣೆಹುಳ ಕೀಳುತ್ತಿದ್ದರು. ಹಸು ಎಂದಿನಂತೆ ಬಲಗಡೆ ನೋಡುತ್ತಿತ್ತು. ಹಗ್ಗ ಬಿಗಿದು ನಿಂತಿತ್ತು. ಅದು ಬಲಕ್ಕೆ ಎಳೆಯುತ್ತಿರಲಿಲ್ಲ, ಎಡಕ್ಕೆ ಎಳೆಯುತ್ತಿತ್ತು. ಹಳೆಯ ಜಾಗ ನೆನಪಾದ ಹಸು ಅತ್ತ ಎಳೆಯಬೇಕಲ್ಲವೇ, ಇತ್ತ ಯಾಕೆ ಎಳೆಯುತ್ತದೆ ಅಂತ ಒಂದು ಗಳಿಗೆ ಅನ್ನಿಸಿತು. ಅಷ್ಟರಲ್ಲಿ ಫೋನಿನಲ್ಲಿ ಅವರು ಮಾತಾಡತೊಡಗಿದ್ದರು.

"ಅಕ್ಕ, ಕಂಪ್ಯೂಟರ್ ಕಡೆ ಏನೂ ತಪ್ಪಿಲ್ಲ. ನೀವು ಅದರ ಜೊತೆ ಗುದ್ದಾಡಿ ಉಪಯೋಗ ಇಲ್ಲ. ಟೀವಿನೇ ಚಿತ್ರನ ಇಗ್ಗಿಸ್ಕತಾ ಅದೆ. ಸಿನಿಮಾ ಬಂದದೆ ಅಂದ್ಕತದೆ ಅದು. ಟೀವಿ ರಿಮೋಟ್ ತಗಳಿ."

ರಿಮೋಟ್ ಸಿಕ್ಕಿತು. ಒತ್ತಿದರೆ ಜೀವವಿಲ್ಲ. ಹಿಂದಿನ ಮುಚ್ಚಳ ತೆಗೆದರೆ ಸೆಲ್ಲುಗಳಿಲ್ಲ. ಅತ್ತೆ ತೆಗೆದು ತಮ್ಮ ಚಿಕ್ಕ ಟಾರ್ಚಿಗೆ ಹಾಕಿಕೊಂಡಿದ್ದರು, ರಾತ್ರಿ ಎದ್ದು ಹಸು ನೋಡಲು. ಟೀವಿಯೇ ತಮ್ಮದಲ್ಲದ ಮೇಲೆ ರಿಮೋಟ್ ಯಾತಕ್ಕೆ ಅಂದುಕೊಂಡಿರಬೇಕು. ನಾನು ಸ್ಟೂಲು ಹತ್ತಿ ಗೋಡೆ ಗಡಿಯಾರ ಇಳಿಸಿ ಅದರ ಸೆಲ್ಲು ಕಿತ್ತೆ. ಒಂದೇ ಇತ್ತು. ಇನ್ನೊಂದಕ್ಕೆ ಅಡುಗೆಮನೆಯ ಗಡಿಯಾರಕ್ಕೆ ಓಡಿದೆ. ವಾಪಸ್ ಬಂದು ನೋಡಿದರೆ ಅತ್ತೆ ಎದ್ದು ನಿಂತಿದ್ದಾರೆ. ಸೊಂಟ ನೆಟ್ಟಗೆ ಮಾಡಿಕೊಂಡು, ಹಸುವಿನ ಬೆನ್ನು ತಟ್ಟಿ, ಬಲಕ್ಕೆ ಹೊರಟರು. ಕೊಟ್ಟಿಗೆಯ ಮುಂದೆ ಬಂದರು. ಆಮೇಲೆ ಪರದೆಯ ಅಂಚಿನಾಚೆ ಹೋದರು. ಚಿತ್ರದಲ್ಲಿ ಹಸು ಒಂದೇ ಉಳಿಯಿತು.

"ಮೆನು ಒತ್ತಿ. ಚಿತ್ರ ಅಂತ ಇರೋದಕ್ಕೆ ಓಗಿ. ಅದರಲ್ಲಿ ಚಿತ್ರದ ಅಳತೆ ಅಂತ ಬತ್ತದೆ," ಫೋನ್ ಹೇಳುತ್ತಿತ್ತು.

ಟೀವಿಯ ಮೆನು ಮಾತ್ರ ನಾಲ್ಕೂ ಅಂಚು ಸರಿಯಾಗಿ ಪರದೆಯೊಳಗೆ ಕೂತಿತ್ತು. ತನ್ನದನ್ನು ಚೆನ್ನಾಗಿಯೇ ತೋರಿಸುತ್ತದೆ ಹಾಳಾದ್ದು. ಕೆಳಗೆ ಇಳಿದೆ. ಅಳತೆ. ಒಂದೊಂದೇ ಆರಿಸಿದೆ. ಮೊದಲನೆಯದಕ್ಕೆ ಚಿತ್ರ ಇನ್ನೂ ಹಿಗ್ಗಿ ಹಸುವಿನ ಮೂಗು ಪರದೆ ತುಂಬಿತು. ಎರಡನೆಯದಕ್ಕೆ ಎರಡೂ ಪಕ್ಕ ಕಪ್ಪು ಪಟ್ಟಿ ಬಂತು. "ಅದಲ್ಲ ಅಕ್ಕ, ಕೊನೇಲಿ ಇರ್ತದೆ ನೋಡಿ, ಇದ್ದಂಗೇ ತೋರ್ಸೋದು," ಅಂದರು. ಕೊನೆಯದನ್ನು ಒತ್ತಿದೆ.

ಚಿತ್ರ ಒಮ್ಮೆ ನಡುಗಿ ಒಳಕ್ಕೆ ಸರಿಯಿತು. ಕೆಳಗೆ ತಾರೀಖು, ಗಂಟೆ ಕಂಡವು. ಕೊಟ್ಟಿಗೆ ಪೂರ್ತಿಯಾಯಿತು. ಅದರ ಹಿಂದೆ ಮೆದೆ, ಕುಸಿದ ಗೋಡೆ, ಕಬ್ಬಿನ ತುದಿ. ಅತ್ತೆ ಮೆದೆಯ ಕಡೆ ಮುಖ ಮಾಡಿ ಕೊಟ್ಟಿಗೆಯ ಮೂಲೆಯಲ್ಲಿದ್ದರು. ನನಗೆ ಖುಷಿಯಾಯಿತು. ಬಂತು, ಬಂತು ಅಂತ ಫೋನಿನಲ್ಲಿ ಕೂಗಿಯೂಬಿಟ್ಟೆ. ಆಮೇಲೆ ಮೆದೆಯ ಮೇಲೆ ಹುಲ್ಲಿನ ಬಣ್ಣದ್ದೇ ಆದ ಏನೋ ಒಂದು ಉಬ್ಬಿಕೊಂಡಂತೆ ಕಂಡಿತು. ಉಬ್ಬಿನಿಂದ ಒಂದು ಬಾಲ ಇಳಿಬಿದ್ದಿತ್ತು. ಬಾಲದ ತುದಿ ಮೆಲ್ಲಗೆ ಅಲ್ಲಾಡಿತು.

ಫೋನ್ ಕೈಯಿಂದ ಮೇಜಿನ ಮೇಲೆ ಬಿತ್ತು. ಹಿತ್ತಲ ಬಾಗಿಲಿಗೆ ಹೇಗೆ ಬಂದೆನೋ ತಿಳಿಯದು. ಹೊಸಿಲು ದಾಟಿ ನಿಂತರೆ ಅಲ್ಲಿಂದ ಅತ್ತೆಯ ಬೆನ್ನು ಕಾಣುತ್ತದೆ, ಮೆದೆ ಕಾಣುವುದಿಲ್ಲ. ಕೊಟ್ಟಿಗೆಯ ಗೋಡೆ ಅಡ್ಡ. ತಾರಸಿಯ ಮೇಲಿನ ಕ್ಯಾಮೆರಾಕ್ಕೆ ಮಾತ್ರ ಕಾಣುವ ಜಾಗ ಅದು. ಅದು ಅಲ್ಲಿದೆ ಅನ್ನುವುದು ಗೊತ್ತಿದೆ, ಈಗ ಏನು ಮಾಡುತ್ತಿದೆ ಅನ್ನುವುದು ಗೊತ್ತಿಲ್ಲ.

ಚಿರತೆ ಅಂತ ಕೂಗುವವಳಿದ್ದೆ. ನುಂಗಿಕೊಂಡೆ. ಚಿರತೆ ಅಂದರೆ ಅತ್ತೆ ನನ್ನ ಕಡೆ ಓಡಿ ಬರುವುದಿಲ್ಲ, ಹಸುವಿನ ಹಗ್ಗ ಬಿಚ್ಚಲು ಓಡುತ್ತಾರೆ. ಇಷ್ಟು ವರ್ಷ ಒಂದೇ ಮನೆಯಲ್ಲಿ ಜಗಳವಾಡಿದ ಮೇಲೆ ಅಷ್ಟಾದರೂ ಗೊತ್ತಿರುತ್ತದೆ. ಗಂಟು ಬಿಚ್ಚುತ್ತಾ ಚಿರತೆಗೆ ಬೆನ್ನು ಕೊಟ್ಟು ಕೂರುತ್ತಾರೆ.

"ಅತ್ತೆ," ಅಂದೆ. ದನಿ ಮಾಮೂಲಾಗಿ ಬರಲಿ ಅಂತ ದೇವರನ್ನು ಬೇಡಿಕೊಂಡೆ. "ಟೀವಿ ಸರಿಹೋಯ್ತು. ಕೊಟ್ಟಿಗೆ ಪೂರ್ತಿ ಕಾಣ್ತದೆ. ಬನ್ನಿ ನೋಡಿ."

ಅವರು ತಿರುಗಲಿಲ್ಲ. "ಬತ್ತೀನಿ ತಡಿ. ಒಂದೊರೆ ಉಲ್ಲು ಎಳ್ಕಬತ್ತೀನಿ."

ಹುಲ್ಲು ಎಳೆಯುವುದು ಮೆದೆಯ ಬುಡದಿಂದ. ಅವರು ಒಂದು ಹೆಜ್ಜೆ ಇಟ್ಟರು. ಓಡಿಹೋಗಿ ಎಳೆದುಕೊಂಡು ಬರೋಣವೆಂದರೆ, ನಾನು ಓಡಿದರೆ ಅದೂ ಓಡಬಹುದು. ಹಸು ಸದ್ದಿಲ್ಲದೆ ನಿಂತಿತ್ತು. ಬಾಲವೂ ಅಲ್ಲಾಡುತ್ತಿರಲಿಲ್ಲ.

"ಕರೆಂಟು ಹೋಗೋ ಹೊತ್ತು ಅತ್ತೆ. ಹೋದ್ರೆ ಮತ್ತೆ ಮೊದಲಿನ ಹಾಗೇ ಆಗ್ಬಿಡ್ತದೆ, ಆಮೇಲೆ ನನ್ನ ಬೈಬೇಡಿ. ಹಸು ಎಲ್ಲಿ ಕಟ್ಟಿದ್ರೂ ಮೂತಿ ಕಾಣ್ತದೆ, ನೋಡಿ ಹೋಗ್ಬನ್ನಿ."

ಮೂತಿ ಅನ್ನುವ ಮಾತಿಗೆ ಅವರು ತಿರುಗಿದರು. "ಅಯ್ಯೋ, ಅದೇನ್ ಅವಸ್ರವೋ ನಿಂದು," ಅಂತ ಗೊಣಗುತ್ತಾ, ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ, ದಾರಿಯಲ್ಲಿ ಹಸುವಿನ ಹಣೆ ಸವರಿ, ಬಂದರು. ಅಷ್ಟು ನಿಧಾನವಾಗಿ ಯಾರಾದರೂ ನಡೆದದ್ದನ್ನು ನಾನು ಜನ್ಮದಲ್ಲಿ ಕಂಡಿಲ್ಲ. ಹೊಸಿಲ ಮೇಲೆ ಕಾಲಿಟ್ಟದ್ದೇ ತೋಳು ಹಿಡಿದು ಒಳಗೆ ಎಳೆದುಕೊಂಡು ಬಾಗಿಲು ಹಾಕಿ ಅಗುಳಿ ಜಡಿದೆ.

"ಏನಮ್ಮಿ, ತಲೆ ಕೆಟ್ಟದಾ?"

ನಾನು ಅವರನ್ನು ಪರದೆಯ ಮುಂದೆ ನಿಲ್ಲಿಸಿದೆ. ಮೊದಲು ಅವರಿಗೆ ಏನೂ ಕಾಣಲಿಲ್ಲ. ಬೆರಳಿಟ್ಟು ತೋರಿಸಿದೆ. ಅಷ್ಟರಲ್ಲಿ ಅದೇ ತಲೆಯೆತ್ತಿತು. ಮೈ ಮುರಿದು, ಮೆದೆಯಿಂದ ಕೊಟ್ಟಿಗೆಯ ಹೆಂಚಿನ ಮೇಲೆ ಇಳಿದು, ಹಳೆಯ ಗೂಟ ಇದ್ದ ಜಾಗಕ್ಕೆ ಸರಿಯಾಗಿ ಅದರ ಮೇಲೆ ಬಂದು ಕೂತಿತು. ಕೆಳಗೆ ಖಾಲಿ ನೆಲ. ಹಸು ಅಲ್ಲೇ ಇದ್ದಿದ್ದರೆ ಒಂದು ಜಿಗಿತ ಸಾಕಿತ್ತು.

ಅತ್ತೆ ತಿರುಗಿ ಬಾಗಿಲಿಗೆ ಹೋದರು. ನಾನು ಅಡ್ಡ ನಿಂತೆ.

"ಬುಡು."

"ಬಿಡಲ್ಲ."

"ಕಟ್ಟಾಕ್ದೋಳು ನಾನು ಕಣೆ. ಬಯಲಲ್ಲಿ ತಂದು ಕಟ್ಟಾಕ್ದೋಳು ನಾನು. ಅದಕ್ಕೆ ಓಡಕ್ಕೂ ಆಗಕಿಲ್ಲ. ಬುಡು ಅಂದ್ರೆ ಬುಡು."

ಎಪ್ಪತ್ತು ದಾಟಿದ ಹೆಂಗಸಿಗೆ ಅಷ್ಟು ಕಸುವು ಎಲ್ಲಿಂದ ಬಂತೋ. ಅಗುಳಿಯ ಮೇಲೆ ನನ್ನ ಕೈ, ಕೈಯ ಮೇಲೆ ಅವರ ಉಗುರು. ಬೈದರು, ಅತ್ತರು, ನನ್ನ ತವರನ್ನು ಎತ್ತಿ ಆಡಿದರು. ನಾನು ಬಿಡಲಿಲ್ಲ. "ಹಸು ಹೋದ್ರೆ ಇನ್ನೊಂದು ತರಬಹುದು," ಅಂದೆ. "ನೀನ್ ಅಂಗನ್ಬೇಡ," ಅಂದರು. ಕೊನೆಗೆ ನಾನು ಚೀರಿದೆ: "ನೀವು ಹೋದ್ರೆ ನಾನು ಯಾರ ಕೂಡ ಜಗಳ ಆಡ್ಲಿ?"

ಮೇಜಿನ ಮೇಲಿನ ಫೋನು "ಅಕ್ಕ, ಅಕ್ಕ, ಏನಾಯ್ತಕ್ಕ?" ಅಂತ ಅರಚುತ್ತಲೇ ಇತ್ತು. ಒಂದು ಕೈಯಲ್ಲಿ ಅಗುಳಿ ಹಿಡಿದೇ ಬೀದಿಯ ಕಡೆಯ ಕಿಟಕಿಗೆ ಮುಖ ಮಾಡಿ, ಗಂಟಲು ಹರಿಯುವಂತೆ ಆಗ ಕೂಗಿದೆ, ಚಿರತೆ ಅಂತ. ಪಕ್ಕದ ಮನೆಯವರು ತಟ್ಟೆ ಬಡಿಯುತ್ತಾ ತಾರಸಿ ಹತ್ತಿದರು. ಯಾರೋ ದೀಪಾವಳಿಯಲ್ಲಿ ಉಳಿದ ಪಟಾಕಿಗೆ ಬೆಂಕಿ ಹಚ್ಚಿ ನಮ್ಮ ಹಿತ್ತಲಿಗೆ ಎಸೆದರು.

ಬಾಗಿಲ ಬಳಿಯಿಂದಲೇ ಪರದೆಯ ಕಡೆ ನೋಡಿದೆವು. ಚಿರತೆ ಕೆಳಕ್ಕೆ ಜಿಗಿದಿತ್ತು, ಹಸುವಿಗೂ ಅದಕ್ಕೂ ನಡುವೆ ಬರೀ ಅಂಗಳ. ಹಸು ಈಗ ಹಗ್ಗ ಎಳೆಯುತ್ತಿರಲಿಲ್ಲ. ಕೊಂಬು ತಗ್ಗಿಸಿ, ಆ ಭಾರದ ಹೊಟ್ಟೆ ಹೊತ್ತು, ನೇರ ಅದರ ಎದುರಿಗೆ ನಿಂತಿತ್ತು. ಅತ್ತೆ ನನ್ನ ಕೈಯ ಮೇಲಿನ ಹಿಡಿತ ಬಿಟ್ಟಿರಲಿಲ್ಲ, ಆದರೆ ಈಗ ಅದು ಬಾಗಿಲು ತೆಗೆಯುವ ಹಿಡಿತವಾಗಿರಲಿಲ್ಲ. ಪಟಾಕಿ ಸಿಡಿಯಿತು. ಹೊಗೆ ತೆಳುವಾದಾಗ ಚಿರತೆ ಕುಸಿದ ಗೋಡೆಯ ಮೇಲಿತ್ತು. ಒಮ್ಮೆ ತಿರುಗಿ ನೋಡಿ ಕಬ್ಬಿನೊಳಗೆ ಇಳಿಯಿತು.

ಹಸುವನ್ನು ನಡುಮನೆಗೇ ತಂದು ಟೀವಿ ಇದ್ದ ಗೋಡೆಗೆ ಕಟ್ಟಿದೆವು. ಅಲ್ಲೇ ಎರಡು ದಿನಕ್ಕೆ ಹೆಣ್ಣುಕರು ಹಾಕಿತು. ನನ್ನ ಗಂಡ ರಜೆ ಹಾಕಿ ಗೋಡೆ ಕಟ್ಟಿಸಿದರು, ಮೆದೆಯನ್ನು ಮನೆಯ ಹತ್ತಿರಕ್ಕೆ ತಂದರು. ಕಟಾವು ಮುಗಿದರೂ ಗದ್ದೆಯಲ್ಲಿ ಏನೂ ಸಿಗಲಿಲ್ಲ. ಬೇರೆ ಗದ್ದೆಗೆ ಹೋಗಿರಬೇಕು. ಕಬ್ಬಿಗೇನು ಬರ.

ಅವತ್ತು ಬಾಗಿಲ ಹತ್ತಿರ ಆಡಿದ ಮಾತುಗಳನ್ನು ಇಬ್ಬರೂ ಮತ್ತೆ ಎತ್ತಲಿಲ್ಲ. ನನ್ನ ಮುಂಗೈ ಮೇಲೆ ಉಗುರಿನ ಗೀರುಗಳು ಬಿದ್ದಿದ್ದವು. ಅತ್ತೆ ಅದನ್ನು ನೋಡಿ ಒಮ್ಮೆ ಕೊಬ್ಬರಿ ಎಣ್ಣೆಯ ಡಬ್ಬಿಯನ್ನು ನನ್ನ ಕೀಬೋರ್ಡಿನ ಪಕ್ಕ ಮಡಗಿ ಹೋದರು. ಮಾತಿನಲ್ಲಿ ಏನೂ ಬದಲಾಗಲಿಲ್ಲ. ಸಾರಿಗೆ ಉಪ್ಪು ಜಾಸ್ತಿ ಅನ್ನುವುದು ಬಿಡಲಿಲ್ಲ.

ಹಸು ಮತ್ತೆ ಕೊಟ್ಟಿಗೆಗೆ ಹೋದ ಮೇಲೆ ಒಂದು ಬೆಳಿಗ್ಗೆ ಬಟ್ಟೆಯ ಬಕೆಟ್ ಹಿಡಿದು ಹಿತ್ತಲಿಗೆ ಹೋದೆ. ಬೇಲಿಯ ಪಕ್ಕ ಒಗೆಯುವ ಕಲ್ಲು ಇರಲಿಲ್ಲ. ಅದು ಇದ್ದ ಕಡೆ ಹಸಿ ಮಣ್ಣಿನ ಗುಂಡಿ, ಅಲ್ಲಿಂದ ಅಂಗಳದ ನಡುವಿನವರೆಗೆ ನೆಲದ ಮೇಲೆ ಎಳೆದ ಗುರುತು. ಹೊಂಗೆಮರದ ಪಕ್ಕ, ಹಸುವಿನ ಗೂಟ ಕಿತ್ತ ಜಾಗದಲ್ಲಿ, ಕಲ್ಲು ಕೂತಿತ್ತು. ಅತ್ತೆ ಪಕ್ಕದ ಮನೆಯವರಿಗೆ ಹಾರೆಯನ್ನು ವಾಪಸ್ ಕೊಡುತ್ತಿದ್ದರು.

"ಇದ್ಯಾಕೆ ಇಲ್ಲಿಗೆ ತಂದ್ರಿ?" ಅಂದೆ.

"ಅಲ್ಲಿ ನೀನು ಕಾಣಕಿಲ್ಲ," ಅಂದು ಒಳಗೆ ಹೋದರು.

ನಾನು ಕೂತೆ. ಅಲ್ಲಿ ನೀರು ಹರಿದು ಹೋಗಲು ದಾರಿಯಿರಲಿಲ್ಲ. ಎರಡು ಸೀರೆ ಒಗೆಯುವಷ್ಟರಲ್ಲಿ ಕಾಲ ಕೆಳಗೆಲ್ಲ ಕೆಸರಾಯಿತು. ನನ್ನ ಕಂಪ್ಯೂಟರ್ ಕೋಣೆಯ ಕಡೆಯಿಂದ ಅತ್ತೆಯ ದನಿ ಕೇಳಿಸಿತು.

"ಒಸಿ ಈ ಕಡೆ ತಿರುಗವ್ವ, ಮೂತಿ ಕಾಣಕಿಲ್ಲ!"

ತಿರುಗಿ ಕೂತೆ.